ಭತ್ತದ ದುಡ್ಡಲ್ಲಿ ಡಿಜೆ

ಹರಿಹರ ತಾಲ್ಲೂಕಿನ ಭಾನುವಳ್ಳಿ ಕಡೆ ಮೆರವಣಿಗೆಗೆ ಡಿಜೆ ಬರುವುದು ಟ್ರ್ಯಾಕ್ಟರಿನಲ್ಲಿ. ಟ್ರೇಲರ್ ಮೇಲೆ ಆಳೆತ್ತರಕ್ಕೆ ಪೇರಿಸಿದ ಬೇಸ್ ಬಾಕ್ಸು, ಅದರ ಮೇಲೆ ಟಾಪು, ಹಿಂದೊಂದು ಜನರೇಟರ್, ಕಣ್ಣು ಕುಕ್ಕುವ ಶಾರ್ಪಿ ಲೈಟು. ಈ ಸಾಮಾನಿನ ಸಂದಿಯಲ್ಲೆಲ್ಲೋ ಲ್ಯಾಪ್‌ಟಾಪ್ ಮಡಿಲಲ್ಲಿಟ್ಟುಕೊಂಡು ಕೂತ ಹುಡುಗನನ್ನು ಯಾರೂ ತಿರುಗಿ ನೋಡುವುದಿಲ್ಲ. ‘ಬೇಸ್ ಜಾಸ್ತಿ ಮಾಡಣಾ’ ಎನ್ನುವಾಗ ಮಾತ್ರ ಅವನ ನೆನಪು. 2025ರ ಗಣೇಶ ಹಬ್ಬಕ್ಕೆ ದಾವಣಗೆರೆ ಜಿಲ್ಲಾಡಳಿತ ಡಿಜೆ ಬೇಡವೆಂದಾಗ ಎದ್ದ ಗದ್ದಲವೂ ಬಾಕ್ಸುಗಳ ಸುತ್ತಲೇ ಸುತ್ತಿತು. ಬಾಕ್ಸಿನ ಹಿಂದೆ ಕೂತವನಿಗೆ ಒಂದು ಕಸುಬಿದೆ, ಅದನ್ನು ಮನೆಯ ಕೋಣೆಯಲ್ಲೇ ಕಲಿಯಬೇಕು, ಅದಕ್ಕೆ ಟ್ರ್ಯಾಕ್ಟರ್ ಬೇಡ ಎಂಬ ಮಾತು ಆ ಸದ್ದಿನಲ್ಲಿ ಕೇಳಿಸಲಿಲ್ಲ.

ಕಸುಬು ಇಷ್ಟೇ: ಒಂದು ಹಾಡು ಜನರಿಗೆ ಕೇಳುತ್ತಿರುವಾಗಲೇ ಮುಂದಿನ ಹಾಡನ್ನು ತನ್ನ ಕಿವಿಗೆ ಮಾತ್ರ ಹಾಕಿಕೊಂಡು, ಎರಡರ ವೇಗ ಸರಿಮಾಡಿ, ತಾಳದ ಮೊದಲ ಪೆಟ್ಟು ಒಂದರ ಮೇಲೊಂದು ಬೀಳುವಂತೆ ಕೂಡಿಸಿ, ಕುಣಿಯುವವರ ಕಾಲು ತಡವರಿಸದ ಹಾಗೆ ದಾಟಿಸುವುದು. ಹೇಳಲು ಒಂದು ವಾಕ್ಯ, ಕೈಗೆ ಹತ್ತಲು ತಿಂಗಳುಗಟ್ಟಲೆ.

ಈ ಕಸುಬು ಬೆಳೆದದ್ದು ದುಡ್ಡಿಲ್ಲದವರ ಮನೆಗಳಲ್ಲೂ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ 1520, ಸೆಡ್ಜ್‌ವಿಕ್ ಅವೆನ್ಯೂ ಎಂಬ ವಠಾರದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲೆಂದು ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಹಾಡು ಹಾಕಿದವನು ಜಮೈಕಾದಿಂದ ವಲಸೆ ಬಂದಿದ್ದ ಅವಳ ಅಣ್ಣ, ಮುಂದೆ ಕೂಲ್ ಹರ್ಕ್ ಎಂದು ಹೆಸರಾದವನು. ಸೌಂಡ್ ಸಿಸ್ಟಮ್ಮು ಅಪ್ಪನದು. ಹಾಡಿನಲ್ಲಿ ಬರಿ ಡ್ರಮ್ ಬರುವ ತುಣುಕಿಗೇ ಜನ ಹೆಚ್ಚು ಕುಣಿಯುತ್ತಾರೆಂದು ಗಮನಿಸಿ, ಆ ತುಣುಕನ್ನೇ ಮತ್ತೆ ಮತ್ತೆ ತರಲು ಒಂದೇ ರೆಕಾರ್ಡಿನ ಎರಡು ಪ್ರತಿ ಬಳಸಿದ. ಇಂದು ಜಗತ್ತು ಹಿಪ್‌ಹಾಪ್ ಎನ್ನುವುದರ ಬೇರು ಅಲ್ಲಿದೆ. ಅದೇ ಬಡಾವಣೆಯ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದವನು. ಮುಂದಿನ ಹಾಡನ್ನು ಗುಟ್ಟಾಗಿ ಕೇಳಿಸಿಕೊಳ್ಳುವ ಸೌಕರ್ಯ ಅವನ ಮಿಕ್ಸರಿನಲ್ಲಿರಲಿಲ್ಲ. ತಾನೇ ಒಂದು ಸ್ವಿಚ್ ಕೂರಿಸಿಕೊಂಡ. ನಮ್ಮ ಐಟಿಐ ಹುಡುಗರು ಮಾಡುವಂಥದೇ ಕೆಲಸ.

ಸಾಮಾನಿನ ಕಥೆಯೂ ಇಂಥದ್ದೇ. ಡಿಜೆಗಳ ಗುರುತೇ ಆಗಿಹೋದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ಲನ್ನು ಜಪಾನಿನ ಮತ್ಸುಶಿಟಾ ಕಂಪನಿ 1972ರಲ್ಲಿ ಬಿಟ್ಟದ್ದು ಮನೆಯಲ್ಲಿ ಕೂತು ಹಾಡು ಕೇಳುವವರಿಗೆಂದು. ರೋಲ್ಯಾಂಡ್ ಕಂಪನಿಯ ಟಿಬಿ-303 ಎಂಬ ಬೇಸ್ ಯಂತ್ರ ಮಾರುಕಟ್ಟೆಯಲ್ಲಿ ನೆಲಕಚ್ಚಿ 1984ಕ್ಕೆ ನಿಂತೇಹೋಯಿತು. ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿದ ಅದನ್ನೇ ತಿರುಚಿ ಶಿಕಾಗೋ ಹುಡುಗರು ಹೊಸದೊಂದು ಸಂಗೀತ ತೆಗೆದರು. ಅದಕ್ಕೂ ಮುಂಚೆ, 1982ರಲ್ಲಿ, ಮುಂಬೈಯ ಚರಣಜಿತ್ ಸಿಂಗ್ ಅದೇ ಯಂತ್ರದಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ, ಅದು ಬೇರೆ ಮಾತು.

ನಮ್ಮ ಸೀಮೆಯಲ್ಲಿ ಈ ವಂಶಾವಳಿ ಮೈಕ್‌ಸೆಟ್ಟಿನವರಿಂದ ಶುರು. ಬೇವಿನ ಮರಕ್ಕೋ ಗುಡಿಯ ಗೋಪುರಕ್ಕೋ ಕಟ್ಟಿದ ಹಾರ್ನು, ಅಹುಜಾ ಆಂಪ್ಲಿಫೈಯರ್, ಪೆಟ್ಟಿಗೆ ತುಂಬ ರೆಕಾರ್ಡು, ಆಮೇಲೆ ಕ್ಯಾಸೆಟ್ಟು, ಸಿಡಿ, ಈಗ ಪೆನ್‌ಡ್ರೈವು. ಧಾರೆ ಹೊತ್ತಿಗೆ ಯಾವ ಹಾಡು, ಊಟದ ಪಂಕ್ತಿಗೆ ಯಾವುದು, ಹೆಣ್ಣು ಒಪ್ಪಿಸುವಾಗ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಂಗನಟಿ ಚಿಂದೋಡಿ ಲೀಲಾ ಅವರಂಥವರನ್ನು ಕೊಟ್ಟ ಕಂಪನಿ ನಾಟಕದ ಊರು ದಾವಣಗೆರೆ. ಮೈಕಿನ ಮರ್ಜಿ ಅರಿತ ಕೈಗಳಿಗೆ ಇಲ್ಲಿ ಹಿಂದೆಯೂ ಬರವಿರಲಿಲ್ಲ.

ಇನ್ನು ಇವತ್ತಿನ ಹುಡುಗನ ಲೆಕ್ಕಕ್ಕೆ ಬರೋಣ. ಭದ್ರಾ ಅಚ್ಚುಕಟ್ಟಿನ ಭತ್ತದ ಮನೆಗಳಲ್ಲಿ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ. ನಾಲೆಗೆ ನೀರು ಬಿಟ್ಟ ವರ್ಷ ಎರಡು ಸಲ, ಇಲ್ಲದ ವರ್ಷ ಒಂದೇ ಸಲ. ಗೊಬ್ಬರದಂಗಡಿ ಬಾಕಿ, ಸೊಸೈಟಿ ಸಾಲ ಕಳೆದು ಮಗನ ಕೈಗೆ ಬರುವುದು ಹತ್ತೋ ಹದಿನೈದೋ ಸಾವಿರ. ಅದನ್ನು ತೆಗೆದುಕೊಂಡು ಅವನು ನೇರ ಬಾಕ್ಸಿನ ಅಂಗಡಿಗೆ ಹೋಗುತ್ತಾನೆ. ದುಡ್ಡು ಹೋಗುವ ದಾರಿ ಅದೇ.

ಅಂಗಡಿಯಲ್ಲಿ ಹೇಳುವ ವಾಟ್ಸಿನ ಲೆಕ್ಕ ಮೋಸದ್ದು. 500 ವಾಟ್ಸ್ ಇದ್ದದ್ದನ್ನು 1000 ಮಾಡಿದರೆ ಸದ್ದು ದುಪ್ಪಟ್ಟಾಗುವುದಿಲ್ಲ, ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಸಂಖ್ಯೆಗೆ ಬೆಲೆ ಕೊಡಬೇಕಿಲ್ಲ; ಸತತವಾಗಿ ಕೊಡುವ ಪವರ್, ಅಂದರೆ ಆರ್‌ಎಂಎಸ್ ಎಷ್ಟು ಎಂದು ಕೇಳಿ, ಅಂಗಡಿಯವನು ತಡವರಿಸಿದರೆ ಎದ್ದು ಬನ್ನಿ.

ಮೊದಲ ದುಡ್ಡು ಹೋಗಬೇಕಾದದ್ದು ಹೆಡ್‌ಫೋನಿಗೆ. ಕಿವಿ ಪೂರ್ತಿ ಮುಚ್ಚುವ, ವೈರಿರುವ ಹೆಡ್‌ಫೋನ್. ಬ್ಲೂಟೂತ್ ಯಾಕೆ ಬೇಡ ಎಂದರೆ, ಅದರಲ್ಲಿ ಸದ್ದು ಒಂದು ಸೆಕೆಂಡಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದಷ್ಟು ತಡವಾಗಿ ಬರುತ್ತದೆ. ಸಿನಿಮಾ ನೋಡುವವನಿಗೆ ಅದು ಏನೂ ಅಲ್ಲ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಇರುವುದೇ ಅರ್ಧ ಸೆಕೆಂಡು. ಕೈ ಹಾಕುವಷ್ಟರಲ್ಲಿ ತಾಳ ತಪ್ಪಿರುತ್ತದೆ. ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರಿಗೂ ಇದೇ ರೋಗ. ಅದಕ್ಕೆ ಆಕ್ಸ್ ತೂತು ಇದ್ದರೆ ವೈರ್ ಚುಚ್ಚಿ ಬಳಸಿ, ಬಿಸಾಡಬೇಕಿಲ್ಲ.

ಲ್ಯಾಪ್‌ಟಾಪ್ ಹೊಸದು ಬೇಡ. ಸರ್ಕಾರಿ ಪದವಿ ಕಾಲೇಜಿನಲ್ಲಿ ಅಕ್ಕನಿಗೋ ಅಣ್ಣನಿಗೋ ಸಿಕ್ಕಿದ ಲ್ಯಾಪ್‌ಟಾಪು ಎಷ್ಟೋ ಮನೆಗಳ ಬೀರುವಿನಲ್ಲಿ ಮಲಗಿದೆ. ಹಳೆ ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿ ಮಾಡಿಸಿದರೆ ಧಾರಾಳ ಸಾಕು. ಮಿಕ್ಸ್ (ಅಕ್ಷರದಲ್ಲಿ ಕೊನೆಗೆ ಮೂರು ಎಕ್ಸ್) ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಲಿನಕ್ಸಿನಲ್ಲೂ ಓಡುತ್ತದೆ. ಕಳ್ಳ ಕಾಪಿ ಸಾಫ್ಟ್‌ವೇರಿಗೆ ಕೈ ಹಾಕಿ ವೈರಸ್ ತಂದುಕೊಳ್ಳುವ ದರ್ದು ಇಲ್ಲ. ಲ್ಯಾಪ್‌ಟಾಪಿನಲ್ಲಿ ಸದ್ದು ಹೊರಬರುವ ದಾರಿ ಒಂದೇ, ಡಿಜೆಗೆ ಬೇಕಾದದ್ದು ಎರಡು: ಜನರಿಗೊಂದು, ತನ್ನ ಕಿವಿಗೊಂದು. ಫ್ಲಾಶ್‌ನ ಸ್ವಿಚ್ಚಿನ ಸಮಸ್ಯೆಯೇ ಇದು. ಕೆಲವು ನೂರು ರೂಪಾಯಿಯ ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿದರೆ ಎರಡನೇ ದಾರಿ ತೆರೆಯಿತು. ಕೀಬೋರ್ಡಿನಲ್ಲೇ ಒಂದು ಬೆಳೆಯ ಕಾಲ ಕಲಿಯಬಹುದು. ರುಚಿ ಹತ್ತದಿದ್ದರೆ ನಷ್ಟವೂ ಅಷ್ಟೇ.

ಹತ್ತಿದರೆ ಎರಡನೇ ಬೆಳೆಗೆ ಕಂಟ್ರೋಲರ್, ಅಂದರೆ ಲ್ಯಾಪ್‌ಟಾಪಿನ ಸಾಫ್ಟ್‌ವೇರನ್ನು ಕೈಯಿಂದ ಆಡಿಸುವ ಸಾಧನ. ಕ್ಲಬ್ಬುಗಳಲ್ಲಿ ಕಾಣುವ ಬಿಡಿ ಪ್ಲೇಯರುಗಳು ಲಕ್ಷಗಳ ಮಾತು, ಅವನ್ನು ವಿಡಿಯೊದಲ್ಲಿ ನೋಡಿ ನಿಟ್ಟುಸಿರು ಬಿಡುವುದು ಬೇಡ. ಹರ್ಕ್ಯುಲಿಸ್, ನ್ಯೂಮಾರ್ಕ್ ಕಂಪನಿಗಳ ಎರಡು ಡೆಕ್ಕಿನ ಸಣ್ಣ ಕಂಟ್ರೋಲರುಗಳಲ್ಲೂ ಹಾಡನ್ನು ಹಿಂದುಮುಂದೆ ತಳ್ಳುವ ಜಾಗ್ ವೀಲು, ವೇಗ ಬದಲಿಸುವ ಪಿಚ್ ಫೇಡರು, ಹಾಡಿನಿಂದ ಹಾಡಿಗೆ ದಾಟಿಸುವ ಕ್ರಾಸ್‌ಫೇಡರು ಇರುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಲೈಟುಗಳನ್ನಲ್ಲ. ಒಳಗೇ ಸೌಂಡ್ ಕಾರ್ಡ್ ಇದೆಯೇ, ಹೆಡ್‌ಫೋನಿಗೆ ಬೇರೆ ತೂತು ಇದೆಯೇ, ಪಿಚ್ ಫೇಡರ್ ಉದ್ದವಿದೆಯೇ ಎಂಬುದನ್ನು. ಬೆಂಗಳೂರಿನ ಎಸ್.ಪಿ. ರೋಡಿಗೆ ಓಡುವ ಮುಂಚೆ ಆಷಾಢದಲ್ಲಿ ಹರಿಹರ, ದಾವಣಗೆರೆಯ ಸೌಂಡ್ಸ್ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ. ಮದುವೆಗಳಿಲ್ಲದ ತಿಂಗಳು, ಗಣೇಶ ಹಬ್ಬಕ್ಕೆ ಹೊಸ ಮಾಲು ತರಿಸುವ ಯೋಚನೆಯಲ್ಲಿರುವವರು ಹಳೆಯದನ್ನು ಕೈಬಿಡುವ ಹೊತ್ತು. ಸೆಕೆಂಡ್‌ಹ್ಯಾಂಡ್ ಮಾಲಿನ ಪ್ರತಿ ಫೇಡರನ್ನು ಹಾಡು ಓಡುತ್ತಿರುವಾಗ ಮೆಲ್ಲಗೆ ಎಳೆದು ನೋಡಬೇಕು. ಕರಕರ ಎಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರಿಗೆ ಹೋಗುತ್ತದೆ. ಅಷ್ಟು ರೇಟು ಇಳಿಸಿ. ಸದ್ದು ಒಂದೇ ಕಡೆ ಬಂದರೆ, ಹಿಂದಿನ ಪಿನ್ನು ಅಲುಗಿದಾಗ ಕತ್ತರಿಸಿದರೆ, ಬಿಟ್ಟು ಬನ್ನಿ.

ಸ್ಪೀಕರಿಗಿಂತ ಮುಂಚೆ ಕೋಣೆಯನ್ನು ನೋಡಬೇಕು ಎಂಬುದು ನನ್ನ ಹಟ. ಟೈಲ್ಸ್ ನೆಲ, ಸಿಮೆಂಟು ಗೋಡೆ, ಹತ್ತಡಿಗೆ ಹತ್ತಡಿ ಚೌಕ. ಅಂಥ ಕೋಣೆಯಲ್ಲಿ 56 ಹರ್ಟ್ಸ್ ಆಸುಪಾಸಿನ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಕೆಲವು ಜಾಗದಲ್ಲಿ ಉಬ್ಬುತ್ತದೆ, ಕೆಲವು ಕಡೆ ಸತ್ತೇ ಹೋಗುತ್ತದೆ. ಡಿಜೆ ಹಾಡುಗಳ ಕಿಕ್ ಡ್ರಮ್ ಕೂತಿರುವುದೂ ಹೆಚ್ಚುಕಡಿಮೆ ಅಲ್ಲೇ. ಕೋಣೆಯ ನಟ್ಟನಡುವೆ ಕೂತವನು ಬೇಸ್ ಸಾಲದೆಂದು ಏರಿಸುತ್ತಾ ಹೋಗುತ್ತಾನೆ, ಪಕ್ಕದ ಮನೆಯ ಪಾತ್ರೆಗಳು ಅದುರುತ್ತಿರುತ್ತವೆ. ಸ್ಪೀಕರನ್ನು ಮೂಲೆಯಿಂದ ಈಚೆ ಎಳೆಯಿರಿ, ಕಿವಿಯ ಮಟ್ಟಕ್ಕೆ ಎತ್ತರಿಸಿ. ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದರೆ ಮೇಲಿನ ಸದ್ದಿನ ಕಿರಿಕಿರಿ ಇಳಿಯುತ್ತದೆ. ಬೇಸ್ ಹಿಡಿಯಲು ಕೌದಿ ಸಾಲದು, ಮೂಲೆಗೆ ಹತ್ತಿ ಗಾದಿ ಸುತ್ತಿ ನಿಲ್ಲಿಸಬೇಕು. ಒಂದು ಕಾಲಕ್ಕೆ ಕಾಟನ್ ಮಿಲ್ಲುಗಳ ಊರಾಗಿದ್ದ ದಾವಣಗೆರೆಯ ಪಕ್ಕದಲ್ಲಿದ್ದು ಅಮೆರಿಕದ ಫೋಮ್ ತರಿಸುವುದು ನಗೆಪಾಟಲು.

ಗುಂಯ್ ಎನ್ನುವ ಸದ್ದು ಬರುತ್ತಿದ್ದರೆ ದೋಷ ಬಹಳ ಸಲ ಕರೆಂಟಿನದು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದಾಗ ಅರ್ಥ್ ಸುತ್ತುಹಾಕಿ ಗುಂಯ್‌ಗುಡುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ನಿಗೆ ತನ್ನಿ. ಹೋಗದಿದ್ದರೆ ಮನೆಯ ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷವಾಯಿತೆಂದು ವಿಚಾರಿಸಿ. ಪ್ಲಗ್ಗಿನ ಮೂರನೇ ಕಡ್ಡಿ ಮುರಿದರೆ ಸದ್ದು ಹೋಗುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಸದ್ದಿನ ಜತೆ ಜೀವವೂ ಹೋಗಬಹುದು.

ಬಾಕ್ಸನ್ನು ಬಡಗಿಯ ಹತ್ತಿರವೇ ಕಟ್ಟಿಸುವ ಪದ್ಧತಿ ನಮ್ಮಲ್ಲಿದೆ, ಒಳ್ಳೆಯದೇ. ಲೇತಿನ ಮುಂದೆ ಬದುಕು ಕಳೆದವರ ಊರು ಹರಿಹರ, ಅಳತೆ ತಪ್ಪದ ಕೈಗಳಿಗೆ ಬರವಿಲ್ಲ. ಎಡವಟ್ಟಾಗುವುದು ನಕಲಿನಲ್ಲಿ. ಯಾರದೋ ಬಾಕ್ಸಿನ ಹೊರ ಅಳತೆ ಹಿಡಿದು, ಒಳಗೆ ಬೇರೆ ಕಂಪನಿಯ ಸ್ಪೀಕರ್ ಕೂರಿಸುತ್ತಾರೆ. ಒಂದೊಂದು ಸ್ಪೀಕರಿಗೂ ಇಂತಿಷ್ಟು ಒಳಜಾಗ, ಇಷ್ಟುದ್ದದ ಗಾಳಿಕೊಳವೆ ಬೇಕೆಂದು ಲೆಕ್ಕ ಹಾಕುವ ದಾರಿಯನ್ನು 1960–70ರ ದಶಕಗಳಲ್ಲಿ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ನೆವಿಲ್ ಥೀಲ್, ರಿಚರ್ಡ್ ಸ್ಮಾಲ್ ಹಾಕಿಕೊಟ್ಟರು. ಆ ಅಂಕಿಗಳು ಒಳ್ಳೆಯ ಸ್ಪೀಕರಿನ ಜತೆ ಬರುವ ಚೀಟಿಯಲ್ಲೇ ಇರುತ್ತವೆ, ಲೆಕ್ಕ ಮಾಡುವ ಉಚಿತ ಸಾಫ್ಟ್‌ವೇರೂ ಇದೆ. ಕೊಳವೆ ಎರಡಿಂಚು ಹೆಚ್ಚುಕಡಿಮೆಯಾದರೆ ಬೇಸ್ ಹೋಗಿ ಬೊಂಬಡಿಕೆ ಉಳಿಯುತ್ತದೆ.

ಹಾಡುಗಳ ವಿಷಯದಲ್ಲಿ ಜಿಪುಣತನ ಬೇಡ. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಬಂದ, ಯೂಟ್ಯೂಬಿನಿಂದ ಹೆಕ್ಕಿದ ಫೈಲು ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳುತ್ತದೆ, ದೊಡ್ಡ ಬಾಕ್ಸಿಗೆ ಹಾಕಿದಾಗ ತಾಳದ ಸದ್ದು ಕಿತ್ತುಕೊಂಡು ಬರುತ್ತದೆ. 320 ಕೆಬಿಪಿಎಸ್‌ನ ನಾಲ್ಕು ನಿಮಿಷದ ಹಾಡು ಹತ್ತು ಎಂಬಿಯ ಹತ್ತಿರ ಇರಬೇಕು. ಮೂರು ಎಂಬಿ ಇದ್ದರೆ ಅದು ಸೊರಗಿದ ಮಾಲು. ಹಳೆಯ ಚಿತ್ರಗೀತೆ ಕೂಡಿಸುವಾಗ ಸಾಫ್ಟ್‌ವೇರಿನ ವೇಗ ತಾನಾಗಿ ಹೊಂದಿಸುವ ಸಿಂಕ್ ಗುಂಡಿಯನ್ನು ನಂಬಬೇಡಿ. ಆಗ ತಬಲಾ, ಡೋಲಕ್, ವಯಲಿನ್ ಎಲ್ಲ ಒಟ್ಟಿಗೆ ಕೂತು ನುಡಿಸಿದ್ದು. ಚರಣದಲ್ಲಿ ಕೊಂಚ ಓಡುತ್ತಾರೆ, ಪಲ್ಲವಿಗೆ ಬಂದಾಗ ನಿಧಾನಿಸುತ್ತಾರೆ. ಯಂತ್ರ ಒಂದೇ ವೇಗವೆಂದು ತಿಳಿದು ಕೂಡಿಸುತ್ತದೆ, ಎರಡನೇ ಚರಣಕ್ಕೆ ಹಳಿ ತಪ್ಪುತ್ತದೆ. ಅಲ್ಲಿ ಜಾಗ್ ವೀಲ್ ಮೇಲೆ ಬೆರಳಿಟ್ಟು ಹಿಡಿದೆಳೆಯುವವನೇ ಡಿಜೆ. ಡೊಳ್ಳಿನ ಪದಗಳನ್ನು ಕೂಡಿಸುವಾಗಲೂ ಇದೇ ಪಾಡು, ಅದಕ್ಕೇ ಅಭ್ಯಾಸಕ್ಕೆ ಅವೇ ಒಳ್ಳೆಯವು.

ಕಾನೂನನ್ನೂ ತಿಳಿದಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹೆಡ್‌ಫೋನಿಗೆ ಪೊಲೀಸರ ಕಾಟವಿಲ್ಲ, ಕಿವಿಯ ಕಾಟವಿದೆ: 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ತಾಸು ತಾಳುವ ಕಿವಿ 100 ಡೆಸಿಬೆಲ್ಲಿನಲ್ಲಿ ತಾಳುವುದು ಕಾಲು ಗಂಟೆ. ಮೆರವಣಿಗೆಯ ಬಾಕ್ಸಿನ ಮುಂದೆ ನಾಲ್ಕು ತಾಸು ನಿಂತವರ ಲೆಕ್ಕ ನೀವೇ ಹಾಕಿ.

ಮದುವೆಗೆ ಕರೆ ಬಂತೆನ್ನಿ. ಮದುವೆಯಲ್ಲಿ, ಅದರ ಮೆರವಣಿಗೆಯಲ್ಲಿ ರೆಕಾರ್ಡಾದ ಹಾಡು ಹಾಕಲು 1957ರ ಕೃತಿಸ್ವಾಮ್ಯ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಆ ಹೆದರಿಕೆ ಬೇಡ. ಅದಕ್ಕೆಂದು ಬಾಕ್ಸ್ ಕೊಳ್ಳುವುದೂ ಬೇಡ. ಊರಿನ ಸೌಂಡ್ಸ್‌ನವರಿಂದ ದಿನದ ಬಾಡಿಗೆಗೆ ತಂದು ನಿಮ್ಮ ಕಂಟ್ರೋಲರ್ ಜೋಡಿಸಿ. ಬಾಕ್ಸಿನ ಜತೆ ಬರುವ ಆಪರೇಟರ್ ಅಣ್ಣ ಗೇನ್ ಎಲ್ಲಿಗೆ ನಿಲ್ಲಿಸುತ್ತಾನೆ, ಮಿಕ್ಸರಿನ ಕೆಂಪು ದೀಪ ಹತ್ತಿದರೆ ಏನು ಮಾಡುತ್ತಾನೆ ಎಂದು ಪಕ್ಕದಲ್ಲಿ ನಿಂತು ನೋಡಿದರೆ ಅದೇ ಒಂದು ಕೋರ್ಸು. ಬಾಡಿಗೆ ಕಳೆದು ಕೈಯಲ್ಲಿ ಉಳಿದ ದುಡ್ಡಿಗೆ ಮುಂದೇನು ಕೊಳ್ಳಲಿ ಎಂದರೆ, ಒಂದು ಜತೆ ಹೆಚ್ಚುವರಿ ಕೇಬಲ್ಲು ಮತ್ತು ಅದೇ ಹಾಡುಗಳಿರುವ ಎರಡನೇ ಪೆನ್‌ಡ್ರೈವು. ಮದುವೆ ಮನೆಯಲ್ಲಿ ಮೊದಲು ಕೈಕೊಡುವುದು ಅವೇ.