ಕೆರೆಯ ಚರಿತ್ರೆಯೂ ಪರಿಸರ ವಿಜ್ಞಾನವೇ

ಬೆಂಗಳೂರಿನ ಕಂಠೀರವ ಕ್ರೀಡಾಂಗಣವಿರುವ ಜಾಗದಲ್ಲಿ ಹಿಂದೆ ಸಂಪಂಗಿ ಕೆರೆಯಿತ್ತು. ಅದು ಏಕೆ ಇಲ್ಲವಾಯಿತು? ಮಳೆಯ ಲೆಕ್ಕ ಹಾಕಿ, ಹೂಳು ಅಳೆದು ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರವೂ ಸಿಗುವುದಿಲ್ಲ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಹಳೆಯ ನಕಾಶೆಗಳನ್ನೂ ಸರ್ಕಾರಿ ಕಡತಗಳನ್ನೂ ಹುಡುಕಿ ತೆಗೆದರು, ಹಿರಿಯರನ್ನು ಮಾತನಾಡಿಸಿದರು. ಆಗ ತಿಳಿದದ್ದಿಷ್ಟು: ತೋಟಗಾರರು, ಇಟ್ಟಿಗೆ ಮಾಡುವವರು, ದನ ಮೇಯಿಸುವವರು ಆ ಕೆರೆಯನ್ನೇ ನಂಬಿ ಬದುಕಿದ್ದರು. 19ನೇ ಶತಮಾನದ ಕೊನೆಗೆ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಕುಡಿಯಲು ಕೆರೆ ಬೇಡವಾದ ಮೇಲೆ ನಗರಕ್ಕೆ ಅದು ಬರೀ ಖಾಲಿ ಜಾಗವಾಗಿ ಕಂಡಿತು. ಈಗ ಉಳಿದಿರುವುದು ಕರಗ ಉತ್ಸವದ ಆಚರಣೆಗೆ ಬೇಕಾದಷ್ಟು ಪುಟ್ಟ ಕೊಳ.

ಕೆರೆಯಂತೆ ಊರಿಗೆಲ್ಲ ಸೇರಿದ ಗೋಮಾಳ ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ರಾಜಕೀಯ ವಿಜ್ಞಾನಿ ಎಲಿನಾರ್ ಆಸ್ಟ್ರಮ್ ಇದನ್ನು ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ಕಾಲುವೆ, ನೇಪಾಳದ ನೀರಾವರಿಗಳನ್ನು ಅವರು ಪರಿಶೀಲಿಸಿದರು. ಬಳಸುವವರೇ ಕಟ್ಟಳೆ ಮಾಡಿಕೊಂಡು, ಪರಸ್ಪರ ಕಣ್ಣಿಟ್ಟು, ತಪ್ಪಿದವರಿಗೆ ದಂಡ ವಿಧಿಸುವ ಕಡೆ ಸಾಮೂಹಿಕ ಸ್ವತ್ತು ಶತಮಾನಗಳ ಕಾಲ ಬಾಳುತ್ತದೆ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಅಂಥ ಕಟ್ಟಳೆಗಳ ಪುರಾವೆ ನಮ್ಮ ಶಾಸನಗಳಲ್ಲೇ ಇದೆ. ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟ ಭೂಮಿಯನ್ನು ಕಟ್ಟುಕೊಡಗೆ, ಬಿತ್ತುವಟ್ಟ ಎಂದು ಅವು ದಾಖಲಿಸುತ್ತವೆ. ತೂಬು ತೆರೆದು ಅಚ್ಚುಕಟ್ಟಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಹಾಗೆಂದು ಅದು ಸುವರ್ಣಯುಗವಲ್ಲ. ಎಷ್ಟೋ ಊರುಗಳಲ್ಲಿ ನೀರು ಹಂಚುವ ದುಡಿಮೆ ದಲಿತರದು, ನೀರುಣ್ಣುವ ಗದ್ದೆ ಮೇಲ್ಜಾತಿಯವರದು. ಕೆರೆಗೆ ನೀರು ಬರಲು ಹೆಣ್ಣಿನ ಬಲಿ ಕೇಳುವ ‘ಕೆರೆಗೆ ಹಾರ’ದಂಥ ಕಥನಗೀತೆಯೂ ನಮ್ಮಲ್ಲಿದೆ. ನೀರಿನ ಜೊತೆ ಜಾತಿ, ಲಿಂಗ, ಅಧಿಕಾರ ಹೇಗೆ ಹರಿದಿವೆ ಎಂಬುದನ್ನು ಯಾವ ಮಾಪಕವೂ ಹೇಳದು. ಸಮಾಜಶಾಸ್ತ್ರ, ಇತಿಹಾಸ, ಜಾನಪದಗಳೇ ಹೇಳಬೇಕು.

ಆದರೆ ಇಂದು ಕೆರೆ ಅಭಿವೃದ್ಧಿಯೆಂದರೆ ಹೂಳೆತ್ತಿ, ಬೇಲಿ ಹಾಕಿ, ನಡಿಗೆಪಥ ಮಾಡುವುದಷ್ಟೇ ಆಗಿಬಿಟ್ಟಿದೆ. ಆ ಬೇಲಿ ದನಗಾಹಿಯನ್ನೂ ಬೆಸ್ತರನ್ನೂ ಹೊರಗಿಟ್ಟರೆ, ಕೆರೆಯನ್ನು ಕಾಯಬೇಕಾದವರನ್ನೇ ನಾವು ಕಳೆದುಕೊಳ್ಳುತ್ತೇವೆ. ಯೋಜನೆಯ ಮೇಜಿನ ಸುತ್ತ ಎಂಜಿನಿಯರರ ಜೊತೆ ಇತಿಹಾಸಕಾರರೂ ಕೆರೆ ನಂಬಿದ ಜನರೂ ಕೂರಬೇಕು. ನಿಮ್ಮೂರ ಕೆರೆಯ ಸಭೆ ನಡೆದಾಗ ಇದನ್ನು ಒತ್ತಾಯಿಸಿ ಕೇಳಿ.