ಒಂದೇ ಚಿತ್ರ, ಎರಡು ಓದು

ಹೃದಯದ ರಕ್ತನಾಳದ ಸಿ.ಟಿ. ಚಿತ್ರ ನೋಡಿ ಒಬ್ಬ ತಜ್ಞರು ನಾಳ ಶೇ. 45ರಷ್ಟು ಕಿರಿದಾಗಿದೆ ಎನ್ನಬಹುದು, ಇನ್ನೊಬ್ಬರು ಶೇ. 55 ಎನ್ನಬಹುದು. 2016ರಲ್ಲಿ ಬಂದ 'ಕ್ಯಾಡ್-ರಾಡ್ಸ್' ವರ್ಗೀಕರಣದಲ್ಲಿ ಶೇ. 50 ಒಂದು ಗಡಿ. ಅದನ್ನು ದಾಟಿದರೆ ರೋಗಿ ಮತ್ತಷ್ಟು ಪರೀಕ್ಷೆಗೆ ಅಲೆಯಬೇಕಾದೀತು. ನಾಳದ ಅಗಲವೇ ಮೂರು-ನಾಲ್ಕು ಮಿಲಿಮೀಟರ್. ಅದರಲ್ಲಿ ಶೇ. 10 ಎಂದರೆ ಯಂತ್ರ ಬಿಡಿಸಿ ತೋರಬಲ್ಲ ಸುಮಾರು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ! ಸುಣ್ಣ ಕಟ್ಟಿದ ಕಡೆಯಂತೂ ಹೊಳಪು ಹರಡಿ, ನಾಳ ಇರುವುದಕ್ಕಿಂತ ಕಿರಿದಾಗಿ ಕಾಣುತ್ತದೆ.

ಸುಣ್ಣವನ್ನಷ್ಟೇ ಅಳೆಯುವ, 1990ರ ಅಗಾಟ್‌ಸ್ಟನ್ ಅಂಕದಲ್ಲಿ ಈ ತಕರಾರು ಕಡಿಮೆ. ಅಲ್ಲಿ 130 ಹೌನ್ಸ್‌ಫೀಲ್ಡ್ ಮಾನವೆಂಬ ಗೆರೆ ಮೊದಲೇ ನಿಗದಿ. ಕಿರಿತನಕ್ಕೆ ಮಾತ್ರ ಕಣ್ಣಂದಾಜೇ ಹೆಚ್ಚು ಆಧಾರ.

ಇಬ್ಬರ ಒಮ್ಮತ ಅಳೆಯಲು ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ 'ಕಪ್ಪಾ' ಸೂತ್ರ ಆಕಸ್ಮಿಕ ಹೊಂದಿಕೆಯನ್ನು ಕಳೆದು ಲೆಕ್ಕ ಹಾಕುತ್ತದೆ. ಬಹುತೇಕ ನಾಳಗಳು ಚೆನ್ನಾಗಿರುವಾಗ, ಕಣ್ಣು ಮುಚ್ಚಿ 'ಸರಿಯಿದೆ' ಎಂದರೂ ಇಬ್ಬರ ಮಾತು ಹೊಂದೀತಲ್ಲ!