ಉಕ್ತಲೇಖನ ತಂತ್ರಾಂಶದ ಹೊಸ ಆವೃತ್ತಿ: ಕೊಳ್ಳುವ ಮುನ್ನ, ಕೊಂಡ ನಂತರ

ಆಡಿದ ಮಾತನ್ನು ಕಂಪ್ಯೂಟರಿನಲ್ಲಿ ಅಕ್ಷರಕ್ಕಿಳಿಸುವ ಉಕ್ತಲೇಖನ ತಂತ್ರಾಂಶಗಳನ್ನು ನೆಚ್ಚಿಕೊಂಡವರಲ್ಲಿ ವಕೀಲರು, ವೈದ್ಯರು, ವೃತ್ತಿಪರ ಬರಹಗಾರರು ಇರುವಂತೆಯೇ, ಮಣಿಕಟ್ಟಿನ ನೋವಿನಿಂದಲೋ ಪಾರ್ಶ್ವವಾಯುವಿನಿಂದಲೋ ಕೀಲಿಮಣೆಯನ್ನು ಬಳಸಲಾಗದವರೂ ಇದ್ದಾರೆ. ಇಂಥವರಿಗೆ ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಅದನ್ನು ಕೊಳ್ಳುವ ಆಸೆ ಸಹಜವಾದರೂ, ಹಣ ಸಂದಾಯವಾದ ಮೇಲೆ ಅದು ಇನ್‌ಸ್ಟಾಲ್ ಆಗದೆ, ಆದರೂ ಚಾಲೂ ಆಗದೆ, ಚಾಲೂ ಆದರೂ ಮೊದಲಿನಷ್ಟು ಸರಿಯಾಗಿ ಮಾತನ್ನು ಗ್ರಹಿಸದೆ ಸತಾಯಿಸುವುದು ವಿರಳವೇನಲ್ಲ. ಈ ತೊಡಕುಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವು ಹುಟ್ಟುವುದು, ಬಳಕೆದಾರರು ಮೂರು ಪ್ರತ್ಯೇಕ ವಸ್ತುಗಳನ್ನು ಒಂದೇ ಎಂದು ತಿಳಿಯುವುದರಿಂದ. ತಂತ್ರಾಂಶವನ್ನು ಬಳಸುವ ಹಕ್ಕನ್ನು ಕೊಡುವ ಲೈಸೆನ್ಸ್ ಒಂದು, ಯಂತ್ರದಲ್ಲಿ ಕೂರುವ ಪ್ರೋಗ್ರಾಂ ಇನ್ನೊಂದು, ಬಳಸುವವರ ದನಿ ಮತ್ತು ಪದಗಳ ಪರಿಚಯವನ್ನು ಕೂಡಿಟ್ಟುಕೊಂಡಿರುವ ಪ್ರೊಫೈಲ್ ಮತ್ತೊಂದು. ಮೊದಲೆರಡನ್ನು ಹಣ ಕೊಟ್ಟು ಮತ್ತೆ ಪಡೆಯಬಹುದು, ಮೂರನೆಯದನ್ನು ಪಡೆಯಲಾಗದು.

ಈ ಕ್ಷೇತ್ರದಲ್ಲಿ ದೀರ್ಘಕಾಲ ಪ್ರಧಾನವಾಗಿ ಉಳಿದಿರುವ ಡ್ರ್ಯಾಗನ್ ತಂತ್ರಾಂಶದ ಇತಿಹಾಸವೇ ಈ ಗೊಂದಲದ ಒಂದು ಭಾಗವನ್ನು ವಿವರಿಸುತ್ತದೆ. ಜೇಮ್ಸ್ ಬೇಕರ್ ಮತ್ತು ಜಾನೆಟ್ ಬೇಕರ್ ದಂಪತಿಗಳು 1982ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸ್ಥಾಪಿಸಿದ ಡ್ರ್ಯಾಗನ್ ಸಿಸ್ಟಮ್ಸ್ ಸಂಸ್ಥೆಯು 1990ರಲ್ಲಿ ಹೊರತಂದ ಡ್ರ್ಯಾಗನ್ ಡಿಕ್ಟೇಟ್‌ನ ಬೆಲೆ ಸುಮಾರು 9,000 ಡಾಲರ್ ಆಗಿದ್ದು, ಅದರೊಡನೆ ಮಾತನಾಡುವವರು ಪ್ರತಿ ಪದದ ನಂತರ ಕ್ಷಣಕಾಲ ತಡೆಯಬೇಕಾಗಿತ್ತು. ತಡೆಯಿಲ್ಲದೆ ಸಹಜವಾಗಿ ಮಾತನಾಡಲು ಅವಕಾಶವಿತ್ತ ಡ್ರ್ಯಾಗನ್ ನ್ಯಾಚುರಲಿಸ್ಪೀಕಿಂಗ್ ಬಂದದ್ದು 1997ರಲ್ಲಿ. ಮುಂದೆ 2000ದಲ್ಲಿ ಸಂಸ್ಥೆಯು ಬೆಲ್ಜಿಯಂನ ಲೆರ್ನೌಟ್ ಆ್ಯಂಡ್ ಹೌಸ್ಪಿಗೆ ಮಾರಾಟವಾಗಿ, ಆ ಕಂಪನಿಯು ಲೆಕ್ಕಪತ್ರಗಳ ವಂಚನೆಯಲ್ಲಿ ಸಿಲುಕಿ ಕುಸಿದುಬಿದ್ದಾಗ ತಂತ್ರಜ್ಞಾನವು ಸ್ಕ್ಯಾನ್‌ಸಾಫ್ಟ್ ಪಾಲಾಯಿತು. ಸ್ಕ್ಯಾನ್‌ಸಾಫ್ಟ್ 2005ರಲ್ಲಿ ನ್ಯುಆನ್ಸ್ ಎಂದು ಹೆಸರು ಬದಲಿಸಿಕೊಂಡಿತು, ನ್ಯುಆನ್ಸನ್ನು 2022ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಒಡೆತನ ಇಷ್ಟು ಬಾರಿ ಕೈಬದಲಾದ ಸರಕಿನ ವಿಷಯದಲ್ಲಿ ಹಳೆಯ ಖರೀದಿಯ ದಾಖಲೆ ಎಲ್ಲಿದೆ, ಹಳೆಯ ಖಾತೆ ಯಾವ ವಿಳಾಸದಲ್ಲಿದೆ ಎಂಬುದು ಬಳಕೆದಾರರಿಗೆ ತಿಳಿಯದೆ ಹೋದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಖರೀದಿಯ ಹಂತದಲ್ಲಿ ಮೊದಲು ಗಮನಿಸಬೇಕಾದುದು ಅಪ್‌ಗ್ರೇಡ್ ಬೆಲೆಗೂ ಪೂರ್ಣ ಬೆಲೆಗೂ ಇರುವ ವ್ಯತ್ಯಾಸ. ಅಪ್‌ಗ್ರೇಡ್ ಎಂಬುದು ಹಳೆಯ ಗ್ರಾಹಕರಿಗೆ ಕಡಿಮೆ ಬೆಲೆಯಲ್ಲಿ ನೀಡುವ ಹೊಸ ಆವೃತ್ತಿಯಾಗಿದ್ದು, ಅದು ಸಾಮಾನ್ಯವಾಗಿ ಹಿಂದಿನ ಒಂದೆರಡು ಆವೃತ್ತಿಗಳಿಗೆ, ಅದರಲ್ಲೂ ಅದೇ ಶ್ರೇಣಿಗೆ ಮಾತ್ರ ಅನ್ವಯಿಸುತ್ತದೆ. ಗೃಹಬಳಕೆಯ ಶ್ರೇಣಿಯಿಂದ ವೃತ್ತಿಪರ ಶ್ರೇಣಿಗೆ ಹೋಗುವುದು ಬೇರೆ, ವೃತ್ತಿಪರ ಶ್ರೇಣಿಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗುವುದು ಬೇರೆ. ಮಳಿಗೆಯ ಪುಟದಲ್ಲಿ ಎರಡೂ ಅಪ್‌ಗ್ರೇಡ್ ಎಂಬ ಒಂದೇ ಹೆಸರಿನಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ತಪ್ಪು ಸರಕನ್ನು ಕೊಳ್ಳುವ ಸಂಭವ ಹೆಚ್ಚು. ಅಪ್‌ಗ್ರೇಡ್ ಕಡತವು ತಾನು ಕೂರುವ ಮೊದಲು ಯಂತ್ರದಲ್ಲಿ ಹಳೆಯ ಆವೃತ್ತಿ ಇದೆಯೇ ಎಂದು ಹುಡುಕುತ್ತದೆ, ಇಲ್ಲವೇ ಅದರ ಸೀರಿಯಲ್ ನಂಬರ್ ಕೇಳುತ್ತದೆ. ಹೊಸ ಕಂಪ್ಯೂಟರ್ ಕೊಂಡು ಅದರಲ್ಲಿ ನೇರವಾಗಿ ಅಪ್‌ಗ್ರೇಡ್ ಕೂರಿಸಲು ಹೊರಟವರು ಸಿಕ್ಕಿಕೊಳ್ಳುವುದು ಇಲ್ಲಿಯೇ. ಹೀಗಾಗಿ ಹಳೆಯ ಸೀರಿಯಲ್ ನಂಬರನ್ನು, ಖರೀದಿಯ ರಸೀದಿಯನ್ನು, ಅಂದು ಕೊಟ್ಟ ಇಮೇಲ್ ವಿಳಾಸವನ್ನು ಹುಡುಕಿಟ್ಟುಕೊಂಡ ನಂತರವೇ ಹಣ ಕೊಡುವುದು ಕ್ಷೇಮ. ಡೌನ್‌ಲೋಡ್ ಕೊಂಡಿಗಳು ಕೆಲ ಕಾಲದ ನಂತರ ನಿಷ್ಕ್ರಿಯವಾಗುವುದೂ ಉಂಟು. ಕಡತ ಕೈಸೇರಿದೊಡನೆ ಅದರ ಪ್ರತಿಯೊಂದನ್ನು ಬೇರೊಂದು ಡ್ರೈವಿನಲ್ಲಿ ಇರಿಸಿಕೊಳ್ಳಬೇಕು.

ಎರಡನೆಯದು ಯಂತ್ರದ ಹೊಂದಾಣಿಕೆ. 2023ರಲ್ಲಿ ಬಂದ ಡ್ರ್ಯಾಗನ್ ಪ್ರೊಫೆಷನಲ್‌ನ 16ನೆಯ ಆವೃತ್ತಿ ವಿಂಡೋಸ್ 10 ಮತ್ತು 11ಕ್ಕಾಗಿ ರೂಪುಗೊಂಡದ್ದು. ಮ್ಯಾಕ್ ಕಂಪ್ಯೂಟರುಗಳ ಆವೃತ್ತಿಯ ಮಾರಾಟವನ್ನು ನ್ಯುಆನ್ಸ್ ಸಂಸ್ಥೆಯು 2018ರಲ್ಲಿಯೇ ನಿಲ್ಲಿಸಿದೆ. ವೈದ್ಯಕೀಯ ಬಳಕೆಯ ಆವೃತ್ತಿ ಪ್ರತ್ಯೇಕವಾದುದು, ಅದರ ಪದಕೋಶವೂ ಮಾರಾಟದ ಕ್ರಮವೂ ಬೇರೆಯೇ ಆದ್ದರಿಂದ ಸಾಮಾನ್ಯ ಆವೃತ್ತಿಯನ್ನು ಆಸ್ಪತ್ರೆಯ ರೋಗಿ ದಾಖಲೆ ವ್ಯವಸ್ಥೆಯೊಂದಿಗೆ ಜೋಡಿಸಬಹುದೆಂದು ಊಹಿಸಿ ಕೊಳ್ಳಬಾರದು.

ಮೂರನೆಯದೂ ಅತಿ ಮುಖ್ಯವಾದುದೂ ಆದ ಪ್ರೊಫೈಲಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಮಾತನ್ನು ಗುರುತಿಸುವ ತಂತ್ರಾಂಶವು ಎರಡು ಬಗೆಯ ತಿಳಿವನ್ನು ಬಳಸುತ್ತದೆ: ಒಂದು, ಯಾವ ಧ್ವನಿತರಂಗ ಯಾವ ಉಚ್ಚಾರಣೆಗೆ ಸಲ್ಲುತ್ತದೆ ಎಂಬುದನ್ನು ಅಂದಾಜಿಸುವ ಧ್ವನಿಮಾದರಿ, ಇನ್ನೊಂದು, ಒಂದು ಪದದ ನಂತರ ಯಾವ ಪದ ಬರುವ ಸಂಭವ ಎಷ್ಟು ಎಂಬುದನ್ನು ಅಳೆಯುವ ಭಾಷಾಮಾದರಿ. ಇವೆರಡೂ ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುತ್ತವೆಯಾದರೂ, ಬಳಕೆದಾರರು ತಪ್ಪುಗಳನ್ನು ತಿದ್ದಿದಂತೆಲ್ಲ, ಹೊಸ ಹೆಸರುಗಳನ್ನು ಸೇರಿಸಿದಂತೆಲ್ಲ, ತಮ್ಮದೇ ಆದ ಆಜ್ಞೆಗಳನ್ನು ಬರೆದುಕೊಂಡಂತೆಲ್ಲ ಅವು ಆ ವ್ಯಕ್ತಿಗೆ ಒಗ್ಗುತ್ತ ಹೋಗುತ್ತವೆ. ಹೀಗೆ ಒಗ್ಗಿದ ಒಟ್ಟು ಸಂಗ್ರಹವೇ ಪ್ರೊಫೈಲ್. ಹೊಲಿಗೆ ಯಂತ್ರ ಬದಲಾದರೂ ದರ್ಜಿಯ ಅಳತೆ ಪುಸ್ತಕ ಕಳೆಯಬಾರದೆಂಬಂತೆ, ಪ್ರೋಗ್ರಾಂ ಹೋದರೂ ಇದು ಹೋಗಬಾರದು. ಮೈಸೂರಿನ ವಕೀಲರೊಬ್ಬರು ಇಂಗ್ಲಿಷಿನಲ್ಲಿ ಹೇಳಿ ಬರೆಸುವಾಗ ನಂಜನಗೂಡು, ಹುಣಸೂರು, ಚಿಕ್ಕಲಿಂಗಯ್ಯ, ಪುಟ್ಟತಾಯಮ್ಮ ಮುಂತಾದ ಹೆಸರುಗಳನ್ನು ಒಂದೊಂದಾಗಿ ಕಲಿಸಿರುತ್ತಾರೆ; ಡ್ರ್ಯಾಗನ್‌ನಲ್ಲಿ ಭಾರತೀಯ ಉಚ್ಚಾರಣೆಯ ಇಂಗ್ಲಿಷನ್ನು ಆಯ್ದುಕೊಳ್ಳುವ ಸೌಲಭ್ಯವಿದೆಯಾದರೂ ಈ ಹೆಸರುಗಳನ್ನು ಅದು ತಾನಾಗಿ ಬಲ್ಲದೆಂದು ನಿರೀಕ್ಷಿಸುವಂತಿಲ್ಲ.

ಪ್ರೊಫೈಲನ್ನು ಉಳಿಸುವ ಸರಿಯಾದ ಮಾರ್ಗವೆಂದರೆ ಹಳೆಯ ಆವೃತ್ತಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಅದರ ಪ್ರೊಫೈಲ್ ನಿರ್ವಹಣೆಯ ಭಾಗದಲ್ಲಿರುವ ಎಕ್ಸ್‌ಪೋರ್ಟ್ ಸೌಲಭ್ಯವನ್ನು ಬಳಸಿ ಹೊರಗಿನ ಡ್ರೈವಿಗೆ ತೆಗೆದಿಡುವುದು. ಕಡತಕೋಶವನ್ನು ನೇರವಾಗಿ ನಕಲು ಮಾಡಿಕೊಂಡರೆ ಸಾಲದೇ ಎಂದು ಹಲವರು ಕೇಳುವುದುಂಟು. ಪ್ರೋಗ್ರಾಂ ತೆರೆದಿರುವಾಗ ಮಾಡಿದ ನಕಲು ಅರೆಬರೆಯಾಗಿರಬಹುದಾದ್ದರಿಂದ ಅದನ್ನು ನಂಬಬಾರದು. ಇದರೊಡನೆ, ತಾವೇ ಸೇರಿಸಿದ ಪದಗಳ ಪಟ್ಟಿಯನ್ನೂ ಸ್ವಂತ ಆಜ್ಞೆಗಳನ್ನೂ ಪ್ರತ್ಯೇಕ ಕಡತಗಳಾಗಿ ಉಳಿಸಿಕೊಂಡರೆ, ಮುಂದೆ ಇಡೀ ಪ್ರೊಫೈಲ್ ಕೆಟ್ಟುಹೋದರೂ ಹೊಸ ಪ್ರೊಫೈಲ್ ಮಾಡಿ ಅವನ್ನು ಅದರೊಳಗೆ ತುಂಬಬಹುದು. ಹೊಸ ಆವೃತ್ತಿಗೆ ಪರಿವರ್ತಿಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯಲಾರದು ಎಂಬುದನ್ನೂ ನೆನಪಿಡಬೇಕು. ಹಳೆಯದನ್ನು ತೆಗೆದುಹಾಕುವಾಗ ಪ್ರೊಫೈಲುಗಳನ್ನು ಉಳಿಸಬೇಕೇ ಎಂಬ ಪ್ರಶ್ನೆ ತೆರೆಯ ಮೇಲೆ ಬಂದರೆ, ಅವಸರದಲ್ಲಿ ಬೇಡವೆಂದು ಒತ್ತಿ ವರ್ಷಗಳ ತಿದ್ದುಪಡಿಯನ್ನು ಕ್ಷಣದಲ್ಲಿ ಕಳೆದುಕೊಳ್ಳಬಹುದು.

ಇನ್‌ಸ್ಟಾಲ್ ಮಾಡುವಾಗ ಬರುವ ದೋಷಸಂಖ್ಯೆಗಳು ಗಾಬರಿ ಹುಟ್ಟಿಸುತ್ತವೆಯೇ ಹೊರತು ಅವುಗಳ ಅರ್ಥ ನಿಗೂಢವೇನಲ್ಲ. ವಿಂಡೋಸ್‌ನ ಇನ್‌ಸ್ಟಾಲರ್ 1618 ಎಂದು ತೋರಿಸಿದರೆ ಇನ್ನೊಂದು ತಂತ್ರಾಂಶ ಅದೇ ವೇಳೆಗೆ ಕೂರುತ್ತಿದೆ ಎಂದರ್ಥ. ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿರುವುದೇ ಇದಕ್ಕೆ ಕಾರಣವಾಗಿರಬಹುದಾದ್ದರಿಂದ ಅದು ಮುಗಿಯುವವರೆಗೆ ಕಾದು, ಯಂತ್ರವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಬೇಕು. 1603 ಎಂಬುದು ಇದಕ್ಕಿಂತ ಕಾಡುವ ಸಂಖ್ಯೆ, ಏಕೆಂದರೆ ಅದು ಒಂದು ಕಾರಣವನ್ನು ಹೇಳದೆ ಕೆಲಸ ಕೆಟ್ಟಿತು ಎಂದಷ್ಟೇ ಹೇಳುತ್ತದೆ. ಅದೇ ಉತ್ಪನ್ನ ಮೊದಲೇ ಕೂತಿರುವುದು, ಕೂರಿಸಬೇಕಾದ ಕಡತಕೋಶವು ಗೂಢಲಿಪೀಕರಣಗೊಂಡಿರುವುದು, ಆ ಕೋಶದ ಮೇಲೆ ವಿಂಡೋಸ್‌ನ ಸಿಸ್ಟಮ್ ಖಾತೆಗೆ ಪೂರ್ಣ ಅಧಿಕಾರ ಇಲ್ಲದಿರುವುದು ಇದಕ್ಕೆ ಮೈಕ್ರೋಸಾಫ್ಟ್ ಗುರುತಿಸಿರುವ ಕಾರಣಗಳಲ್ಲಿ ಸೇರಿವೆ. ಕಚೇರಿಯ ಕಂಪ್ಯೂಟರುಗಳಲ್ಲಿ ಬಳಕೆದಾರರಿಗೆ ಅಡ್ಮಿನ್ ಅಧಿಕಾರ, ಎಂದರೆ ಯಂತ್ರದಲ್ಲಿ ಹೊಸ ತಂತ್ರಾಂಶವನ್ನು ಸೇರಿಸುವ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಎಷ್ಟು ಬಾರಿ ಪ್ರಯತ್ನಿಸಿದರೂ ಫಲವಿಲ್ಲ, ತಾಂತ್ರಿಕ ವಿಭಾಗದವರನ್ನೇ ಕರೆಯಬೇಕು. ಆ್ಯಂಟಿವೈರಸ್ ತಂತ್ರಾಂಶವು ಕಡತಗಳನ್ನು ತಡೆಹಿಡಿದಿದೆ ಎಂಬ ಅನುಮಾನವಿದ್ದರೆ, ಅಧಿಕೃತ ಮೂಲದಿಂದ ಪಡೆದ ಕಡತವೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಆ್ಯಂಟಿವೈರಸನ್ನು ಕೆಲಹೊತ್ತು ನಿಲ್ಲಿಸಿ, ಕೆಲಸ ಮುಗಿದೊಡನೆ ಮರೆಯದೆ ಮತ್ತೆ ಚಾಲೂ ಮಾಡಬೇಕು.

ಆಕ್ಟಿವೇಶನ್ ಎಂಬುದು ಈ ಯಂತ್ರದಲ್ಲಿ ಈ ಲೈಸೆನ್ಸ್ ಬಳಕೆಯಾಗುತ್ತಿದೆ ಎಂದು ಕಂಪನಿಯ ಸರ್ವರಿನಲ್ಲಿ ದಾಖಲಿಸುವ ಕ್ರಿಯೆ. ಒಂದು ಲೈಸೆನ್ಸಿಗೆ ಇಷ್ಟೇ ಯಂತ್ರಗಳು ಎಂಬ ಮಿತಿಯಿರುವುದರಿಂದ, ಹಳೆಯ ಕಂಪ್ಯೂಟರನ್ನು ಮಾರುವ ಇಲ್ಲವೇ ಅದರ ಡಿಸ್ಕನ್ನು ಅಳಿಸುವ ಮೊದಲು ಅಲ್ಲಿನ ನೋಂದಣಿಯನ್ನು ತೆಗೆದುಹಾಕದಿದ್ದರೆ ಹೊಸ ಯಂತ್ರದಲ್ಲಿ ಮಿತಿ ಮೀರಿದೆ ಎಂಬ ಉತ್ತರ ಬರಬಹುದು.

ಎಲ್ಲವೂ ಸರಿಯಾಗಿ ಕೂತ ಮೇಲೆ ಹೊಸ ಆವೃತ್ತಿಯು ಹಳೆಯದಕ್ಕಿಂತ ಹೆಚ್ಚು ತಪ್ಪು ಮಾಡುತ್ತಿದೆ ಎಂಬ ದೂರು ಬಂದಾಗ ತಂತ್ರಾಂಶವನ್ನು ಶಪಿಸುವ ಮೊದಲು ಮೈಕನ್ನು ನೋಡಬೇಕು. ಯಂತ್ರಕ್ಕೆ ಹೊಸ ಸಾಧನವೊಂದನ್ನು ಜೋಡಿಸಿದಾಗ ಅಥವಾ ವಿಂಡೋಸ್ ನವೀಕರಣಗೊಂಡಾಗ ಡೀಫಾಲ್ಟ್ ಮೈಕ್ ಬದಲಾಗಬಹುದು. ಬಳಕೆದಾರರು ಹೆಡ್‌ಸೆಟ್ ಹಾಕಿಕೊಂಡು ಮಾತನಾಡುತ್ತಿದ್ದರೂ ಯಂತ್ರವು ಲ್ಯಾಪ್‌ಟಾಪ್‌ನ ಅಂಚಿನಲ್ಲಿರುವ ಮೈಕಿನಿಂದ, ಫ್ಯಾನಿನ ಸದ್ದಿನೊಡನೆ ಕೇಳಿಸಿಕೊಳ್ಳುತ್ತಿರುತ್ತದೆ. ವಿಂಡೋಸ್‌ನ ಖಾಸಗಿತನದ ಸೆಟ್ಟಿಂಗ್‌ಗಳಲ್ಲಿ ಡೆಸ್ಕ್‌ಟಾಪ್ ಪ್ರೋಗ್ರಾಂಗಳಿಗೆ ಮೈಕ್ ಬಳಸುವ ಅನುಮತಿ ಇಲ್ಲದಿದ್ದರೆ ಯಾವ ದನಿಯೂ ತಲುಪದು. ಬ್ಲೂಟೂತ್ ಹೆಡ್‌ಸೆಟ್‌ಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ: ಅವು ಹಾಡು ಕೇಳಿಸುವಾಗ ಉತ್ತಮ ಗುಣಮಟ್ಟದಲ್ಲಿ ಕೆಲಸ ಮಾಡಿದರೂ ಮೈಕ್ ಚಾಲೂ ಆದೊಡನೆ ದೂರವಾಣಿ ಕರೆಗೆಂದು ರೂಪಿಸಿದ ಕೆಳದರ್ಜೆಯ ಕ್ರಮಕ್ಕೆ ಸಾಮಾನ್ಯವಾಗಿ ಇಳಿಯುತ್ತವೆ. ಹಳೆಯ ಮಾದರಿಗಳಲ್ಲಿ ಈ ಕ್ರಮವು ದನಿಯನ್ನು ಸೆಕೆಂಡಿಗೆ 8,000 ಬಾರಿ ಮಾತ್ರ ಅಳೆಯುತ್ತದೆ, ಮಾತು ಗುರುತಿಸುವ ವ್ಯವಸ್ಥೆಗಳಿಗೆ ಸಾಮಾನ್ಯವಾಗಿ 16,000 ಬೇಕು. ಅಳತೆ ಅರ್ಧವಾದಾಗ ಸಕಾರ ಶಕಾರಗಳಂಥ ಊಷ್ಮ ಧ್ವನಿಗಳನ್ನು ಬೇರ್ಪಡಿಸುವ ಮೇಲಿನ ಕಂಪನಾಂಕಗಳು ಕತ್ತರಿಸಿಹೋಗುತ್ತವೆ. ತಂತಿಯಿರುವ ಸಾಧಾರಣ ಯುಎಸ್‌ಬಿ ಹೆಡ್‌ಸೆಟ್ ಈ ಕೆಲಸಕ್ಕೆ ದುಬಾರಿ ಬ್ಲೂಟೂತ್ ಸಾಧನಕ್ಕಿಂತ ಮೇಲು.

ಮೈಕ್ ಸರಿಯಿದ್ದು, ಪ್ರೊಫೈಲ್ ಸರಿಯಿದ್ದು, ವರ್ಡ್ ತಂತ್ರಾಂಶದಲ್ಲಿ ಮಾತ್ರ ಆಜ್ಞೆಗಳು ನಡೆಯದಿದ್ದರೆ ತೊಂದರೆಯು ವರ್ಡನ್ನೂ ಉಕ್ತಲೇಖನ ತಂತ್ರಾಂಶವನ್ನೂ ಬೆಸೆಯುವ ಆ್ಯಡ್-ಇನ್‌ನಲ್ಲಿ ಇರುತ್ತದೆ. ವರ್ಡ್ ಒಮ್ಮೆ ಹಠಾತ್ತನೆ ಮುಚ್ಚಿಕೊಂಡರೆ ಅಂಥ ಜೋಡಣೆಯನ್ನು ತಾನೇ ನಿಷ್ಕ್ರಿಯಗೊಳಿಸಿಬಿಡಬಹುದು, ಆಗ ಅದರ ಆಯ್ಕೆಗಳ ಪುಟದಲ್ಲಿ ನಿಷ್ಕ್ರಿಯ ವಸ್ತುಗಳ ಪಟ್ಟಿಯನ್ನು ತೆರೆದು ಮತ್ತೆ ಸಕ್ರಿಯಗೊಳಿಸಬೇಕು. ಬ್ರೌಸರುಗಳಿಗೂ ಇದೇ ರೀತಿಯ ಪ್ರತ್ಯೇಕ ಎಕ್ಸ್‌ಟೆನ್ಶನ್ ಬೇಕಾಗುತ್ತದೆ.

ಕನ್ನಡದಲ್ಲಿ ಹೇಳಿ ಬರೆಸುವವರಿಗೆ ಈ ಖರೀದಿಯ ಅಗತ್ಯವೇ ಇಲ್ಲ, ಏಕೆಂದರೆ ಡ್ರ್ಯಾಗನ್‌ನ ಭಾಷೆಗಳಲ್ಲಿ ಕನ್ನಡ ಸೇರಿಲ್ಲ; ಗೂಗಲ್ ತನ್ನ ಧ್ವನಿ ಟೈಪಿಂಗಿಗೆ 2017ರ ಆಗಸ್ಟ್‌ನಲ್ಲಿ ಕನ್ನಡವನ್ನು ಸೇರಿಸಿದ್ದು, ಅದು ಫೋನಿನ ಜಿಬೋರ್ಡ್‌ನಲ್ಲಿಯೂ ಗೂಗಲ್ ಡಾಕ್ಸ್‌ನಲ್ಲಿಯೂ ಉಚಿತವಾಗಿ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಅಲ್ಪಸ್ವಲ್ಪ ಬರೆಸುವವರಿಗೂ ವಿಂಡೋಸ್ 11ರಲ್ಲಿ ಅಡಕವಾಗಿರುವ ಧ್ವನಿ ಟೈಪಿಂಗ್ ಸಾಕಾಗಬಹುದು. ಸ್ವಂತ ಪದಕೋಶ, ಸ್ವಂತ ಆಜ್ಞೆಗಳು, ಅಂತರ್ಜಾಲವಿಲ್ಲದೆ ನಡೆಯುವ ಕೆಲಸ ಮತ್ತು ಕಕ್ಷಿದಾರರ ಗೋಪ್ಯ ಮಾಹಿತಿ ಯಂತ್ರದಲ್ಲಿಯೇ ಉಳಿಯುವ ಭರವಸೆ ಬೇಕಾದವರಿಗೆ ಮಾತ್ರ ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಇಂದಿಗೂ ಅರ್ಥಪೂರ್ಣ. ಹಾಗೆ ಕೊಳ್ಳುವವರು, ವಿಶೇಷವಾಗಿ ಕೈಗಳ ಬದಲು ಮಾತನ್ನೇ ಆಶ್ರಯಿಸಿದವರು, ಸಾಧ್ಯವಿದ್ದಲ್ಲಿ ಹಳೆಯ ಆವೃತ್ತಿಯಿರುವ ಯಂತ್ರವನ್ನು ಕೆಲ ವಾರ ಹಾಗೆಯೇ ಬಿಟ್ಟುಕೊಂಡು ಹೊಸದನ್ನು ಮತ್ತೊಂದು ಯಂತ್ರದಲ್ಲಿ ಪರೀಕ್ಷಿಸುವುದು ಉತ್ತಮ. ಹಣ ಹಿಂದಿರುಗಿಸುವ ಗಡುವು ಲೆಕ್ಕವಾಗುವುದು ಸಾಮಾನ್ಯವಾಗಿ ಕೊಂಡ ದಿನದಿಂದಲೇ ಹೊರತು ತಂತ್ರಾಂಶ ಮೊದಲು ಕೆಲಸ ಮಾಡಿದ ದಿನದಿಂದಲ್ಲ. ಆದ್ದರಿಂದ ತೊಂದರೆ ಕಂಡ ದಿನವೇ ದೋಷಸಂಖ್ಯೆ, ತೆರೆಯ ಚಿತ್ರ ಮತ್ತು ರಸೀದಿಯೊಡನೆ ಮಾರಾಟಗಾರರಿಗೆ ಲಿಖಿತ ದೂರು ಕಳುಹಿಸಿಡಬೇಕು.